ಕುರಿ ಬಾಯಿ ಹಾಕದ ನೆಲ

ಕಾಟಪ್ಪನ ಹಿಮ್ಮಡಿಗೆ ಕಿವಿಯಿದೆ ಅಂತ ಹಟ್ಟಿಯ ಜನ ಹೇಳುತ್ತಿದ್ದರು. ಬಾವಿ ಎಲ್ಲಿ ತೋಡಬೇಕು, ಕಣ ಎಲ್ಲಿ ಮಾಡಬೇಕು, ಮಳೆಗಾಲದಲ್ಲಿ ಕುರಿ ಎಲ್ಲಿ ತರುಬಿ ನಿಲ್ಲಿಸಬೇಕು ಅಂತ ಯಾರೇ ಕೇಳಲಿ, ಅವನು ದಪ್ಪ ಅಟ್ಟೆಯ ಮೆಟ್ಟು ಹಾಕಿಕೊಂಡು ಆ ಜಾಗದಲ್ಲಿ ನಾಲ್ಕು ಸುತ್ತು ಬರುತ್ತಿದ್ದ. ಹಿಮ್ಮಡಿಯಿಂದ ಒಂದೆರಡು ಸಲ ಗುದ್ದುತ್ತಿದ್ದ. ಆಮೇಲೆ ಬೀಡಿ ಹಚ್ಚಿ, ‘ಇಲ್ಲಿ ಆಗ್ತೈತೆ’ ಅಥವಾ ‘ಇಲ್ಲಿ ಬ್ಯಾಡ’ ಅನ್ನುತ್ತಿದ್ದ. ಅವನು ಆಗ್ತೈತೆ ಅಂದ ಕಡೆಯೂ ಒಂದೆರಡು ಬಾವಿಗಳಲ್ಲಿ ನೀರು ಬರದೆ ಬರೀ ಕಲ್ಲು ಬಂದದ್ದುಂಟು. ಆದರೆ ಹೆಸರು ಬಂದವನ ತಪ್ಪುಗಳನ್ನು ಊರು ನೆನಪಿಡುವುದಿಲ್ಲವಲ್ಲ, ಕಾಟಪ್ಪ ಆ ವಿಷಯದಲ್ಲಿ ಪುಣ್ಯವಂತ.

ಎಪ್ಪತ್ನಾಲ್ಕನೆಯ ಇಸವಿ, ಮುಂಗಾರಿಗೆ ಮುಂಚೆ. ಧರ್ಮಪುರದ ಬಸ್ ನಿಲ್ಲುವ ಕಡೆ ಒಂದು ಮಿಲಿಟರಿ ಜೀಪು ಬಂದು ನಿಂತಿತು. ಅದರಿಂದ ಇಳಿದ ಅಧಿಕಾರಿ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, ‘ಈ ಸುತ್ತಿನ ನೆಲ ಗೊತ್ತಿರೋರು ಯಾರಾದ್ರೂ ಇದಾರಾ?’ ಅಂತ ಕೇಳಿದ. ಇದ್ದವರೆಲ್ಲ ಒಂದೇ ಬಾಯಲ್ಲಿ ಕಾಟಪ್ಪನ ಹಟ್ಟಿಯ ದಾರಿ ತೋರಿಸಿದರು. ಅಧಿಕಾರಿಯ ಹೆಸರು ಚಿತ್ರಲಿಂಗಪ್ಪ. ಹೊಳಲ್ಕೆರೆ ತಾಲ್ಲೂಕು ಹೊರಕೆರೆದೇವಪುರದವನು. ವಿಮಾನದ ದಂಡಿಗೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ಹೊಸ ಪೈಲಟ್‌ಗಳಿಗೆ ಹೆಲಿಕಾಪ್ಟರ್ ಕಲಿಸುವ ಕೆಲಸ ಅವನದು. ಇಸ್ತ್ರಿ ಮಾಡಿದ ಬಟ್ಟೆಯವರನ್ನು ಕಂಡರೆ ಕಾಟಪ್ಪನಿಗೆ ಮೊದಲಿನಿಂದಲೂ ಅನುಮಾನ. ಇವನು ಬಾಯಿ ತೆರೆದೊಡನೆ ಮಾತ್ರ ಆ ಅನುಮಾನ ಅರ್ಧ ಇಳಿಯಿತು.

‘ಯಜಮಾನ್ರೆ, ನಮಗೊಂದು ನೆಲ ಬೇಕಾಗೈತೆ.’

‘ಎಷ್ಟು ಎಕರೆ ಸ್ವಾಮಿ? ಖುಷ್ಕಿನೋ, ತರಿನೋ?’

‘ಬೆಳೆಯೋಕಲ್ಲ. ಇಳಿಯೋಕೆ.’

ಕಾಟಪ್ಪ ಎಲೆಕ್ಷನ್ ಸಮಯದಲ್ಲಿ ಹಿರಿಯೂರಿನಲ್ಲಿ ಒಂದು ಹೆಲಿಕಾಪ್ಟರ್ ನೋಡಿದ್ದ. ‘ಅದಕ್ಯಾಕೆ ಸ್ವಾಮಿ ನೆಲ ಹುಡುಕಾಟ? ನಿಂತ ಕಡೆಯಿಂದ ಸೀದಾ ಏಳ್ತೈತೆ, ಸೀದಾ ಇಳೀತೈತೆ. ಒಂದು ಕಣದಷ್ಟು ಜಾಗ ಸಾಕಲ್ಲ?’ ಅಂದ.

‘ಎಲ್ಲಾ ನೆಟ್ಟಗಿದ್ರೆ ಸಾಕು,’ ಅಂದ ಚಿತ್ರಲಿಂಗಪ್ಪ. ‘ಬಿಸಿಲು ಜೋರಿದ್ದು ಒಳಗೆ ಭಾರ ಹೆಚ್ಚಾದ್ರೆ ಗಾಳಿಯಾಗೆ ನಿಂತ್ಕಳೋ ತ್ರಾಣ ಅದಕ್ಕಿರಲ್ಲ. ಬಾಲದಾಗೆ ಒಂದು ಸಣ್ಣ ಫ್ಯಾನ್ ಐತೆ. ಅದು ಕೆಟ್ಟಾಗ ನಿಲ್ಲಿಸೋಕೆ ಹೋದ್ರೆ ಬುಗುರಿ ಹಂಗೆ ಗಿರಗಿರ ಸುತ್ತಿಬಿಡ್ತೈತೆ. ಅಂಥ ಹೊತ್ನಾಗೆ ಓಡೋ ವೇಗದಾಗೇ ಬಂದು, ಗಾಲಿ ನೆಲಕ್ಕೆ ತಾಕಿಸಿ, ಒಂದಷ್ಟು ದೂರ ಉರುಳ್ಕೊಂಡು ಹೋಗಿ ನಿಲ್ಲಬೇಕು.’

ಕಾಟಪ್ಪ ಯೋಚಿಸಿ, ‘ರಣಹದ್ದು ಇಳಿದಂಗೆ’ ಅಂದ. ‘ಅದೂ ಸೀದಾ ಕುಂತ್ಕಣಲ್ಲ. ನಾಲ್ಕು ಹೆಜ್ಜೆ ಓಡೇ ನಿಲ್ತೈತೆ.’

ಚಿತ್ರಲಿಂಗಪ್ಪ ಜೋರಾಗಿ ನಕ್ಕ. ಇಷ್ಟು ವರ್ಷ ಪಾಠ ಹೇಳಿದರೂ ತನಗೆ ಇದು ಹೊಳೆದಿರಲಿಲ್ಲ ಅಂದ. ಆಮೇಲೆ ನಗು ನಿಲ್ಲಿಸಿ, ಎಂಥ ನೆಲ ಬೇಕು ಅಂತ ಬಿಡಿಸಿ ಹೇಳಿದ. ಗಟ್ಟಿ ಇರಬೇಕು, ಸಮ ಇರಬೇಕು. ಗಾಳಿ ಬೀಸುವ ಕಡೆಗೆ ಉದ್ದ ಇರಬೇಕು, ಯಾಕೆಂದರೆ ಗಾಳಿಗೆ ಮುಖ ಕೊಟ್ಟೇ ಇಳಿಯಬೇಕು. ಬರುವ ದಾರಿಯಲ್ಲಿ ಮರ, ಕರೆಂಟಿನ ತಂತಿ ಇರಬಾರದು. ಧೂಳು ಏಳಬಾರದು; ಎದ್ದರೆ ಪೈಲಟ್‌ಗೆ ನೆಲವೇ ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಮಧ್ಯೆ ಎಲ್ಲೂ ಮೆತ್ತಗಿರಬಾರದು.

‘ಎರಡು ಗಾಲಿ ಗಟ್ಟಿ ನೆಲದಾಗೆ ಓಡ್ತಿರುವಾಗ ಒಂದು ಗಾಲಿ ಹೂತ್ಕಂಡ್ರೆ ಮಗುಚಿಕೊಳ್ತೈತೆ ಯಜಮಾನ್ರೆ. ಮೇಲಿನ ರೆಕ್ಕೆ ನೆಲಕ್ಕೆ ಬಡೀತೈತೆ. ಒಳಗಿದ್ದೋರು ಉಳಿಯಲ್ಲ.’

ಅವತ್ತಿನಿಂದ ಹನ್ನೊಂದು ದಿನ ಇಬ್ಬರೂ ಜೀಪಿನಲ್ಲಿ ಸುತ್ತಿದರು. ಚಿತ್ರಲಿಂಗಪ್ಪ ಒಂದು ಹಾರೆ ಇಟ್ಟುಕೊಂಡಿದ್ದ. ಹತ್ತು ಹೆಜ್ಜೆಗೊಂದು ಸಲ ಅದನ್ನು ಎತ್ತಿ ನೆಲಕ್ಕೆ ಹಾಕುವುದು, ಎಷ್ಟು ಇಳಿಯಿತು ಅಂತ ನೋಡುವುದು, ಬರೆದುಕೊಳ್ಳುವುದು. ಕಾಟಪ್ಪ ಹಿಮ್ಮಡಿ ಗುದ್ದಿ ಅದಕ್ಕೂ ಮೊದಲೇ ಹೇಳಿಬಿಡುತ್ತಿದ್ದ. ಹೊಸದುರ್ಗದ ಕಡೆ ಒಂದು ಬತ್ತಿದ ಕೆರೆಯ ಅಂಗಳ ನೋಡಲು ಕನ್ನಡಿಯಂತೆ ಸಮವಾಗಿತ್ತು. ‘ಮೇಲೆ ಹಪ್ಪಳ, ಕೆಳಗೆ ಗೋಡು’ ಅಂದ ಕಾಟಪ್ಪ; ಹಾರೆ ಒಂದು ಮೊಳ ಇಳಿಯಿತು. ಧರ್ಮಪುರದ ಸುತ್ತ ಎಲ್ಲಿ ನೋಡಿದರೂ ಶೇಂಗಾಕ್ಕೆ ಉತ್ತ ಹೊಲ. ಮದಕರಿಪುರದ ಹತ್ತಿರ ಹುಲ್ಲಿನೊಳಗೆ ತಲೆಗಾತ್ರದ ಕಲ್ಲುಗಳು. ಹೊಳಲ್ಕೆರೆ ಕಡೆ ಒಂದು ಒಳ್ಳೆಯ ಬಯಲು ಸಿಕ್ಕಿತು ಅನ್ನುವಷ್ಟರಲ್ಲಿ ಅದರ ನೆತ್ತಿಯ ಮೇಲೇ ಹೊಸ ಕರೆಂಟಿನ ತಂತಿ. ತನ್ನ ಊರಿನ ಸೀಮೆಯೂ ಕೈಕೊಟ್ಟಿತಲ್ಲ ಅಂತ ಚಿತ್ರಲಿಂಗಪ್ಪನಿಗೆ ಬೇಜಾರಾಯಿತು.

ಇಷ್ಟೆಲ್ಲ ತಿರುಗಿಸಿದ ಕಾಟಪ್ಪ, ತನ್ನ ಹಟ್ಟಿಯ ಬೆನ್ನಿಗೇ ಇದ್ದ, ಕುರಿ ಮೇಯುವ ಕಾವಲಿಗೆ ಮಾತ್ರ ಅವನನ್ನು ಕರೆದೊಯ್ಯಲಿಲ್ಲ.

ಹನ್ನೊಂದನೆಯ ದಿನ ಸಂಜೆ ಅವನನ್ನು ಮನೆಗೆ ಬಿಡಲು ಬಂದಾಗ ಚಿತ್ರಲಿಂಗಪ್ಪ ಜೀಪಿನಲ್ಲೇ ಎದ್ದು ನಿಂತು ನೋಡಿದ. ಮುನ್ನೂರು ಗಜ ಉದ್ದ, ಪಡುವಣ ಗಾಳಿಗೆ ಸರಿಯಾಗಿ ಮುಖಮಾಡಿ ಮಲಗಿದ್ದ ಸಣ್ಣಕಲ್ಲಿನ ಗರಸು ನೆಲ, ಕುರಿ ಮೇದು ಮೇದು ಬುಡಕ್ಕೆ ಕತ್ತರಿಸಿದ ಹುಲ್ಲು. ಒಂದು ಮಗ್ಗುಲಿಗೆ ಸಾಲು ಹುತ್ತ, ಇನ್ನೊಂದು ಮಗ್ಗುಲಿಗೆ ಹಳ್ಳ, ನಡುವೆ ಮೂವತ್ತು ಗಜ ಅಗಲ.

‘ಏನಪ್ಪ ಇದು! ಕಂಕುಳಾಗೆ ಇಟ್ಕಂಡು ಊರೆಲ್ಲ ಹುಡುಕ್ಸಿದ್ರಲ್ಲ ಯಜಮಾನ್ರೆ!’

ಕಾಟಪ್ಪ ‘ಹುತ್ತ ಅವೆ ಸ್ವಾಮಿ, ಹಾವಿರ್ತಾವೆ’ ಅಂದ. ಹಾವಿಗೆ ಹೆದರುವ ದಂಡು ಯಾವುದಿದೆ? ಮರುದಿನ ಬೆಳಿಗ್ಗೆಯೇ ಹಾರೆ ಬಂತು.

ಈಗ ಕಾಟಪ್ಪನ ಸಂಕಟ ಏನು ಅಂತ ಹೇಳಿಬಿಡಬೇಕು. ಹಿಂದಿನ ದಸರೆಯ ನಂತರ ಅವನ ಮಗಳು ದುರುಗಕ್ಕ ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತಾಯಿಯಿಲ್ಲದ ಮಗಳು, ಕಾಟಪ್ಪನೇ ಜಡೆ ಹಾಕಿ ಬೆಳೆಸಿದ್ದ. ಗಂಡು ಕೂಸು ಹುಟ್ಟಿತು. ಹನ್ನೊಂದು ದಿನ ಇತ್ತು. ಹನ್ನೆರಡನೆಯ ದಿನ ಮೈ ಕಾದು, ಮೊಲೆ ಬಿಟ್ಟು, ಆಸ್ಪತ್ರೆಗೆ ಒಯ್ಯಲು ಬಸ್ಸು ಬರುವ ಮೊದಲೇ ಹೋಗಿಬಿಟ್ಟಿತು. ಇನ್ನೂ ಹೆಸರಿಟ್ಟಿರಲಿಲ್ಲ. ಹೆಸರಿಲ್ಲದ ಕೂಸನ್ನು ಅವರಲ್ಲಿ ಸುಡುಗಾಡಿಗೆ ಒಯ್ಯುವುದಿಲ್ಲ. ತಾಯಿಯ ತಂದೆಯೋ ಅಣ್ಣನೋ ಕಂಬಳಿಯ ತುಂಡಿನಲ್ಲಿ ಸುತ್ತಿ, ನೇಗಿಲು ತಾಗದ ಕಡೆ ಹೂತು, ಮೇಲೆ ದಿಬ್ಬ ಮಾಡದೆ, ಕಲ್ಲು ನೆಡದೆ, ನೆಲ ಸಮ ಮಾಡಿ ಬರಬೇಕು. ಹೆತ್ತವಳಿಗೆ ಆ ಜಾಗ ತಿಳಿಯಕೂಡದು. ತಿಳಿದರೆ ಅವಳು ಅಲ್ಲೇ ಹೋಗಿ ಕೂರುತ್ತಾಳೆ, ಮತ್ತೆ ಒಡಲು ತುಂಬುವುದಿಲ್ಲ ಅಂತ ಹಿರಿಯರ ನಂಬಿಕೆ.

ನೇಗಿಲು ತಾಗದ ನೆಲ ಅಂದರೆ ಕಾವಲೇ. ಕಾಟಪ್ಪ ಅಲ್ಲಿ, ಹುತ್ತಗಳ ಕಡೆಯ ಅಂಚಿನಿಂದ ಎಂಟು ಗಜ ಒಳಗೆ, ಅಷ್ಟು ಗಟ್ಟಿ ಗರಸನ್ನು ಒಬ್ಬನೇ ತೊಡೆಮಟ್ಟ ಅಗೆದಿದ್ದ. ಮನೆಗೆ ಬಂದು ಕೈ ತೊಳೆಯುತ್ತಾ, ಕೇಳದಿದ್ದರೂ ಮಗಳಿಗೆ ಹೇಳಿದ್ದ: ‘ಹಳ್ಳದಾಚೆ ಇಟ್ಟೆ ಕಣವ್ವ, ದೂರ, ಗುಡ್ಡದ ಬುಡದಾಗೆ.’ ಗಂಡ ಸಣ್ಣತಿಮ್ಮಪ್ಪ ಮಂದೆ ಹೊಡೆದುಕೊಂಡು ತುಂಗಭದ್ರೆಯ ಕಡೆಗೆ ಹೋದವನು ಇನ್ನೂ ತಿರುಗಿ ಬಂದಿರಲಿಲ್ಲ. ದುರುಗಕ್ಕ ತವರಿನಲ್ಲೇ ಉಳಿದು ಅಪ್ಪನ ಕುರಿ ಕಾಯುತ್ತಿದ್ದಳು, ಅದೂ ಅದೇ ಕಾವಲಿನಲ್ಲಿ. ಸಂಜೆ ಹೊತ್ತು ಹಳ್ಳದಾಚೆಯ ಗುಡ್ಡವನ್ನು ನೋಡುತ್ತಾ ನಿಲ್ಲುತ್ತಿದ್ದಳು. ಪಾಪ, ನಂಬಿದ್ದಾಳೆ ಅಂತ ಕಾಟಪ್ಪ ಮರುಗುತ್ತಿದ್ದ. ಜೊತೆಗೆ ಒಂದು ಸಮಾಧಾನವೂ ಆಗುತ್ತಿತ್ತು.

ಹಾರೆ ಬಂದ ಆ ಬೆಳಿಗ್ಗೆ ಚಿತ್ರಲಿಂಗಪ್ಪ ಹಳ್ಳದ ಕಡೆಯ ಅಂಚನ್ನು ತಾನು ಇಟ್ಟುಕೊಂಡು, ಹುತ್ತಗಳ ಕಡೆಯದನ್ನು ಇನ್ನೊಂದು ಹಾರೆ ಕೊಟ್ಟು ಕಾಟಪ್ಪನಿಗೆ ಒಪ್ಪಿಸಿದ. ಕಾಟಪ್ಪ ಹಾರೆ ಹಾಕುತ್ತಾ ಹೋದ. ಹೋದ ಕಡೆಯೆಲ್ಲ ಹಾರೆ ಠಣ್ ಅಂದು ಎರಡು ಬೆರಳೂ ಇಳಿಯಲಿಲ್ಲ. ಆ ಜಾಗ ಹತ್ತಿರ ಬಂದಾಗ ಮೆಟ್ಟು ಬಿಟ್ಟು ಬರಿಗಾಲಲ್ಲಿ ನಡೆದ. ಅಲ್ಲಿ ಹಾರೆ ಹಾಕಲಿಲ್ಲ. ದಾಟಿ ಹೋಗಿ ಆಚೆ ಹಾಕಿದ.

‘ಯಾಕೆ ಯಜಮಾನ್ರೆ, ಅಲ್ಲಿ ಮೆಟ್ಟು ಬಿಟ್ರಿ?’

‘ಹಾರೆಗಿಂತ ಬರಿಗಾಲಿಗೆ ಚೆನ್ನಾಗಿ ತಿಳೀತೈತೆ ಸ್ವಾಮಿ.’

ಚಿತ್ರಲಿಂಗಪ್ಪ ಅದನ್ನು ಗೌರವದಿಂದ ಬರೆದುಕೊಂಡ. ಆಮೇಲೆ ಎಲ್ಲ ಕಡೆ ಕೇಳುತ್ತಿದ್ದ ಪ್ರಶ್ನೆಯನ್ನೇ ಇಲ್ಲೂ ಕೇಳಿದ: ‘ಇಲ್ಲಿ ಯಾವತ್ತಾರ ಏನಾರ ಅಗೆದದ್ದು, ಹೂತದ್ದು ಐತಾ? ಹತ್ತು ವರ್ಷದ ಹಿಂದಿಂದಾದ್ರೂ ಸರಿ. ಅಗೆದ ನೆಲ ಬೇಗ ಗಟ್ಟಿಯಾಗಲ್ಲ.’

ದುರುಗಕ್ಕ ಹತ್ತು ಮಾರು ದೂರದಲ್ಲಿ ಕುರಿ ನಿಲ್ಲಿಸಿಕೊಂಡು, ಕೋಲಿಗೆ ಗದ್ದ ಊರಿ, ಇವರನ್ನೇ ನೋಡುತ್ತಿದ್ದಳು. ಕಾಟಪ್ಪ ಮಗಳ ಮುಖ ನೋಡಿದ, ಅಧಿಕಾರಿಯ ಮುಖ ನೋಡಿದ.

‘ಇಲ್ಲ ಸ್ವಾಮಿ’ ಅಂದ.

ಎರಡು ಕಡೆಯ ಅಂಚಿಗೂ ಸುಣ್ಣ ಬಳಿದ ಕಲ್ಲುಗಳನ್ನು ಇಟ್ಟರು. ಜೀಪು ಮೂರು ಸಲ ಜೋರಾಗಿ ಓಡಿತು. ಕಾಟಪ್ಪನ ಎದೆಯೂ ಜೊತೆಗೆ ಓಡಿತು. ಜೀಪು ನಡುವೆಯೇ ಹೋಯಿತು. ಹೆಲಿಕಾಪ್ಟರೂ ನಡುವೆಯೇ ಇಳಿಯುತ್ತದೆ, ಅಂಚಿಗೆ ಯಾಕೆ ಬರುತ್ತದೆ ಅಂತ ಅವನು ತನಗೆ ತಾನೇ ಹೇಳಿಕೊಂಡ. ಊರಿಗೆಲ್ಲ ನೆಲದ ಬುದ್ಧಿ ಹೇಳುವವನು ತನ್ನ ಮನಸ್ಸಿಗೆ ಮಾತ್ರ ಈ ಸುಳ್ಳು ಹೇಳಿ ನಂಬಿಸಿದ. ಪುಣ್ಯಾತ್ಮ, ಸ್ವಲ್ಪ ದಿನ ನಂಬಿಯೂ ಬಿಟ್ಟ.

ಆಷಾಢದ ಗಾಳಿ ಶುರುವಾದ ಮೇಲೆ ಹೆಲಿಕಾಪ್ಟರ್ ಬಂತು. ಮೂಗಿನ ಕೆಳಗೊಂದು ಗಾಲಿ, ಹಿಂದೆರಡು ಗಾಲಿ. ವಾರಕ್ಕೆ ಎರಡು ದಿನ, ಬೆಳಗಿನ ಹೊತ್ತು, ಒಬ್ಬೊಬ್ಬ ಹೊಸ ಪೈಲಟ್‌ನನ್ನು ಕೂರಿಸಿಕೊಂಡು ಚಿತ್ರಲಿಂಗಪ್ಪ ಬರುತ್ತಿದ್ದ. ಮೂಡಲಿಂದ ತಗ್ಗಾಗಿ ಬಂದು, ಗಾಲಿ ತಾಕಿಸಿ, ಹುಲ್ಲಿನ ಮೇಲೆ ಉರುಳಿ ನಿಲ್ಲಿಸುವುದು; ಮತ್ತೆ ಏಳುವುದು. ಹಟ್ಟಿಗೆ ಹಟ್ಟಿಯೇ ಬಂದು ಹಳ್ಳದ ದಂಡೆಯಲ್ಲಿ ಕೂರುತ್ತಿತ್ತು. ಉಚ್ಚಂಗಮ್ಮ ಅನ್ನುವ ಮುದುಕಿಯಂತೂ ಯಾವ ಪೈಲಟ್ ಚೆನ್ನಾಗಿ ಇಳಿಸಿದ, ಯಾವನು ಕುಕ್ಕಿದ ಅಂತ ತೀರ್ಪು ಕೊಡುವಷ್ಟು ಪಳಗಿಬಿಟ್ಟಳು. ಎಲ್ಲರೂ ಮೇಲೆ ನೋಡುತ್ತಿದ್ದರು. ಕಾಟಪ್ಪ ಒಬ್ಬನೇ ಗಾಲಿ ನೋಡುತ್ತಿದ್ದ.

ಆಮೇಲೆ ಒಂದು ವಾರ ಬಿಡದೆ ಸೋನೆ ಹಿಡಿಯಿತು. ಬಿಟ್ಟ ಮರುದಿನ ಬೆಳಿಗ್ಗೆ ಬಂದದ್ದು ಉತ್ತರದ ಕಡೆಯ ಒಬ್ಬ ಹೊಸ ಪೈಲಟ್. ಗಾಳಿ ಅವತ್ತು ಹಳ್ಳದ ಕಡೆಯಿಂದ ಅಡ್ಡ ಬೀಸುತ್ತಿತ್ತು. ಗಾಲಿ ತಾಕಿದ ಮೇಲೆ ಹೆಲಿಕಾಪ್ಟರ್ ನಡುವಿನಿಂದ ಹುತ್ತಗಳ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯಿತು. ಕಾಟಪ್ಪ ಎದ್ದು ನಿಂತ. ಕೂಗಿದ. ಆ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ.

ಹಿಂದಿನ ಎಡಗಾಲಿ ಹೂತಿತು. ಹೆಲಿಕಾಪ್ಟರ್ ಒಮ್ಮೆಗೇ ಆ ಕಡೆ ವಾಲಿತು. ತಿರುಗುತ್ತಿದ್ದ ರೆಕ್ಕೆಯ ತುದಿ ನೆಲದಿಂದ ಒಂದು ಮೊಳದಷ್ಟು ಮೇಲೆ ಬೀಸಿಕೊಂಡು ಹೋಯಿತು. ಆಗ ಪಕ್ಕದಲ್ಲಿ ಕೂತಿದ್ದ ಚಿತ್ರಲಿಂಗಪ್ಪ ಗಾಬರಿಗೆ ಮೇಲೆತ್ತಲು ಹೋಗದೆ, ಮೆಲ್ಲಗೆ ಭಾರವನ್ನು ನೆಲಕ್ಕೆ ಬಿಟ್ಟ. ಅದು ಹಿಂದಕ್ಕೆ ಕುಕ್ಕಿ, ನೆಟ್ಟಗಾಗಿ, ನಿಂತಿತು. ಒಂದು ಉಸಿರು ತಡವಾಗಿದ್ದರೆ ಇಬ್ಬರೂ ಹೋಗುತ್ತಿದ್ದರು.

ಹೊಸ ಪೈಲಟ್ ಇಳಿದು ಹತ್ತು ಹೆಜ್ಜೆ ನಡೆದು ಹುಲ್ಲಿನ ಮೇಲೆ ಕುಸಿದು ವಾಂತಿ ಮಾಡಿಕೊಂಡ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ದುರುಗಕ್ಕನ ಓರಗೆ. ಎಲ್ಲರಿಗಿಂತ ಮೊದಲು ಓಡಿ ಬಂದವಳು ಅವಳೇ. ಸೋರೆಬುರುಡೆಯ ನೀರು ಕೊಟ್ಟಳು. ಅವನಿಗೆ ಬುರುಡೆ ಹಿಡಿಯಲಾಗಲಿಲ್ಲ. ಅವಳೇ ಅವನ ತಲೆ ಹಿಡಿದು ಬಾಯಿಗೆ ಹಿಡಿದಳು; ಅವನು ಗುಟುಕು ಗುಟುಕಾಗಿ ಕುಡಿದ. ಅವಳು ಅವನ ಗಂಟಲನ್ನೇ ನೋಡುತ್ತಿದ್ದಳು.

ಚಿತ್ರಲಿಂಗಪ್ಪ ಗಾಲಿಯ ಗುರುತು ಹಿಡಿದು ಹಿಂದಕ್ಕೆ ನಡೆದ. ಕಾಟಪ್ಪ ಅವನ ಹಿಂದೆ ಹೋದ, ಮೆಟ್ಟು ಬಿಟ್ಟು. ಹೂತ ಜಾಗದಲ್ಲಿ ಅಧಿಕಾರಿ ಕುಕ್ಕರಗಾಲಲ್ಲಿ ಕೂತು ಮಣ್ಣು ಮುಟ್ಟಿ ನೋಡಿದ. ಆಮೇಲೆ ಹುಲ್ಲು ನೋಡಿದ. ಸುತ್ತ ಎಲ್ಲ ಕಡೆ ಕುರಿಗಳು ಹುಲ್ಲನ್ನು ಬುಡಕ್ಕೆ ಮೇದಿದ್ದವು. ಇಲ್ಲಿ ಒಂದು ತೊಟ್ಟಿಲಿನಗಲ ಮಾತ್ರ ಈ ಮಳೆಗೆ ಚಿಗುರಿ, ಹಚ್ಚಗೆ, ಗೇಣುದ್ದ ಬೆಳೆದು ನಿಂತಿತ್ತು.

‘ಯಜಮಾನ್ರೆ, ಅಗೆದ ಮಣ್ಣಾಗೆ ಹುಲ್ಲು ಸೊಂಪಾಗಿ ಬೆಳೀತೈತೆ, ಅದು ಸರಿ. ಆದ್ರೆ ದಿನಾ ಇನ್ನೂರು ಕುರಿ ಮೇಯೋ ಕಾವಲು ಇದು. ಇಂಥ ಎಳೇ ಹುಲ್ಲಿಗೆ ಒಂದು ಕುರಿನೂ ಯಾಕೆ ಬಾಯಿ ಹಾಕಿಲ್ಲ?’

ಕಾಟಪ್ಪ ಆ ಹುಲ್ಲನ್ನು ಅವತ್ತೇ ಮೊದಲ ಸಲ ನೋಡಿದ. ಒಂಬತ್ತು ತಿಂಗಳಿಂದ ಅವನು ಆ ಕಡೆ ಮುಖ ತಿರುಗಿಸದೆ ದಾಟುತ್ತಿದ್ದ. ಕುರಿಗೆ ಸುಣ್ಣದ ಕಲ್ಲೂ ಒಂದೇ, ಗೋರಿಯೂ ಒಂದೇ. ಹಸಿರು ಕಂಡರೆ ಬಿಡುವ ಜಾತಿಯಲ್ಲ ಅದು. ಯಾರೋ ತಡೆದಿರಬೇಕು. ದಿನಾ, ಒಂದು ದಿನವೂ ತಪ್ಪದೆ, ಕೋಲು ಅಡ್ಡ ಹಿಡಿದು ತಡೆದಿರಬೇಕು. ಕಾವಲಿನಲ್ಲಿ ಕುರಿ ಕಾಯುತ್ತಿದ್ದವಳು ಒಬ್ಬಳೇ.

ಅವನು ತಿರುಗಿ ಮಗಳನ್ನು ನೋಡಿದ. ಅವಳು ಬುರುಡೆ ಹಿಡಿದುಕೊಂಡು ಅಲ್ಲೇ ಬಂದು ನಿಂತಿದ್ದಳು. ಕಾಟಪ್ಪ ಅಲ್ಲೇ ನೆಲಕ್ಕೆ ಕೂತು ಅಧಿಕಾರಿಗೆ ಕೈಮುಗಿದ.

‘ಸುಳ್ಳು ಹೇಳ್ದೆ ಸ್ವಾಮಿ. ಇಲ್ಲಿ ನನ್ನ ಮೊಮ್ಮಗ ಅವ್ನೆ. ಇವಳ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ನಿಮ್ಮಿಬ್ರನ್ನ ಕೊಂದುಬಿಡ್ತಿದ್ದೆ.’

ಚಿತ್ರಲಿಂಗಪ್ಪ ಎದ್ದು ನಿಂತು ಟೋಪಿ ತೆಗೆದ. ಬೈದಿದ್ದರೆ ಕಾಟಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು, ಅವನು ಬೈಯಲಿಲ್ಲ.

‘ನಿಂಗೆ ಯಾವಾಗ ಗೊತ್ತಾತವ್ವ?’ ಅಂತ ಕಾಟಪ್ಪ ಮಗಳನ್ನು ಕೇಳಿದ.

‘ಹದಿನೈದು ದಿನಕ್ಕೇ ಗೊತ್ತಾತು ಅಪ್ಪ. ಈ ಕಾವಲಾಗೆ ನೀನು ಎಲ್ಲಾ ಕಡೆ ಮೆಟ್ಟು ಹಾಕ್ಕಂಡು ನಡೀತೀಯ. ಇಲ್ಲಿಗೆ ಬಂದ್ರೆ ಬಿಟ್ಟು ನಡೀತೀಯ. ನಿಂಗೇ ಗೊತ್ತಿಲ್ದಂಗೆ ಬಿಡ್ತೀಯ. ಈಗಲೂ ನೋಡು, ಬರಿಗಾಲಾಗೆ ಬಂದಿದೀಯ.’

‘ಮತ್ತೆ ಸಂಜೆ ಆ ಗುಡ್ಡದ ಕಡೆ...’

‘ನೀನು ನೋಡ್ತಿದ್ಯಲ್ಲ. ನಿಂಗೆ ಸಮಾಧಾನ ಆಗ್ಲಿ ಅಂತ ನೋಡ್ತಿದ್ದೆ.’

ಅಪ್ಪ ಮಗಳಿಗೋಸ್ಕರ ಸುಳ್ಳು ಹೇಳಿದ್ದ. ಮಗಳು ಅಪ್ಪನಿಗೋಸ್ಕರ ಆ ಸುಳ್ಳನ್ನು ಒಂಬತ್ತು ತಿಂಗಳು ಸಾಕಿದ್ದಳು. ಒಂದೇ ಸೂರಿನಡಿ, ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಬೇರೆ ಬೇರೆ ಅತ್ತಿದ್ದರು.

ಚಿತ್ರಲಿಂಗಪ್ಪ, ‘ಕಲ್ಲು ಎತ್ತಿಸಿಬಿಡ್ತೀನಿ ಯಜಮಾನ್ರೆ. ಈ ನೆಲ ಬ್ಯಾಡ ಅಂತ ಬರೆದು ಕಳಿಸ್ತೀನಿ. ನಿಮ್ಮ ಕೂಸು ನೆಮ್ಮದಿಯಾಗಿರ್ಲಿ’ ಅಂದ.

‘ಸ್ವಲ್ಪ ಆ ಕಡೆ ಸರಿಸೋಕೆ ಆಗಲ್ವಾ ಸ್ವಾಮಿ?’ ಅಂತ ಕೇಳಿದ ಕಾಟಪ್ಪ. ಆಗಲ್ಲ ಅಂತ ಅವನಿಗೇ ಗೊತ್ತಿತ್ತು. ಆ ಕಡೆ ಹಳ್ಳದ ಕೊರಕಲು. ಇವತ್ತಿನ ಹಾಗೆ ಗಾಳಿ ಅಡ್ಡ ಬಂದರೆ ಮೂವತ್ತು ಗಜವೂ ಸಾಲುತ್ತಿರಲಿಲ್ಲ.

ದುರುಗಕ್ಕ, ‘ಕಲ್ಲು ಎತ್ತಿದ್ರೆ, ಮ್ಯಾಲೆ ಏನಾರ ಕೆಟ್ರೆ ಇವರು ಎಲ್ಲಿಗೆ ಇಳೀತಾರೆ?’ ಅಂತ ಕೇಳಿದಳು.

‘ಬೇರೆ ಎಲ್ಲಾದ್ರೂ ನೋಡ್ತೀವಿ ತಾಯಿ.’

‘ನಮ್ಮಪ್ಪನೂ ನೀವೂ ಹನ್ನೊಂದು ದಿನ ನೋಡಿದ್ರಿ. ಸಿಕ್ತಾ?’

ಅಧಿಕಾರಿ ಇಲ್ಲ ಅಂತ ತಲೆಯಾಡಿಸಿದ. ಸುಳ್ಳಿಗೆ ಅವತ್ತು ಅಲ್ಲಿ ಜಾಗ ಇರಲಿಲ್ಲ.

ದುರುಗಕ್ಕ ಹಿಂದಿರುಗಿ ನೋಡಿದಳು. ಆ ಪೈಲಟ್ ಇನ್ನೂ ಮಂಡಿಗೆ ತಲೆ ಕೊಟ್ಟು ಕೂತಿದ್ದ. ‘ಅವನೂ ಒಬ್ಬಳು ಹೆತ್ತೋನು. ಗಟ್ಟಿ ಮಾಡಾಣ. ಏನು ಮಾಡ್ಬೇಕು ಹೇಳ್ರಿ.’

‘ಬ್ಯಾಡ ಕಣವ್ವ’ ಅಂದ ಕಾಟಪ್ಪ.

‘ಏನು ಮಾಡ್ಬೇಕು ಹೇಳ್ರಿ’ ಅಂತ ಅವಳು ಮತ್ತೆ ಅಧಿಕಾರಿಯನ್ನೇ ಕೇಳಿದಳು.

ಮೇಲಿನ ಒಂದು ಮೊಳ ಮಣ್ಣು ತೆಗೆದು, ಗರಸು ತುಂಬಿ, ನೀರು ಹಾಕಿ, ಪದರ ಪದರವಾಗಿ ತುಳಿದು ಗಟ್ಟಿ ಮಾಡಬೇಕು. ಅಷ್ಟನ್ನು ಹೇಳುವುದಕ್ಕೆ ಚಿತ್ರಲಿಂಗಪ್ಪನಿಗೆ ಬಹಳ ಹೊತ್ತು ಬೇಕಾಯಿತು.

ಮರುದಿನ ಬೆಳಿಗ್ಗೆ ಹಟ್ಟಿಯ ಜನರನ್ನು ಹತ್ತಿರ ಬಿಡಲಿಲ್ಲ. ಕಾಟಪ್ಪ ಗುದ್ದಲಿ ಬಿಟ್ಟು ಕೈಯಿಂದಲೇ ಮಣ್ಣು ತೆಗೆದ. ಒಂದು ಮೊಳ ಆದ ಮೇಲೆ ಅವನ ಕೈ ನಿಂತಿತು. ‘ಇನ್ನು ಒಂದು ಗೇಣು ಐತೆ, ಅಷ್ಟೆ’ ಅಂದ. ಯಾವುದಕ್ಕೆ ಅಂತ ಯಾರೂ ಕೇಳಲಿಲ್ಲ. ದುರುಗಕ್ಕ ಹಳ್ಳದಿಂದ ಮಂಕರಿಯಲ್ಲಿ ಗರಸು ಹೊತ್ತು ತಂದು ಸುರಿದಳು. ದಂಡಿನವರು ನೆಲ ಬಡಿಯುವ ಕಬ್ಬಿಣದ ದಮ್ಮಸ್ಸು ತಂದಿದ್ದರು. ಅವಳು ‘ಕಬ್ಬಿಣ ಬ್ಯಾಡ’ ಅಂದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ಒಳಗಿಳಿದು, ಸುಗ್ಗಿಗೆ ಮುಂಚೆ ಕಣ ತುಳಿಯುವ ಹಾಗೆ ತುಳಿಯತೊಡಗಿದಳು. ಒಂದು ಪದರ, ನೀರು, ಮತ್ತೊಂದು ಪದರ. ಮೊದಮೊದಲು ಹೆಜ್ಜೆ ಹಗುರವಾಗಿ ಇಡುತ್ತಿದ್ದಳು, ಮಲಗಿದ ಕೂಸು ಎದ್ದುಬಿಟ್ಟೀತು ಅನ್ನುವಂತೆ. ಹಗುರ ಹೆಜ್ಜೆಗೆ ನೆಲ ಗಟ್ಟಿಯಾಗುವುದಿಲ್ಲ. ಅದನ್ನು ಹೇಳಬೇಕಾದವನು ಕಾಟಪ್ಪ, ಮತ್ತೆ ಹೇಳಿದವನೂ ಅವನೇ.

‘ಊರಿ ತುಳಿಯವ್ವ.’

ಅವಳು ಊರಿ ತುಳಿದಳು. ಮಧ್ಯಾಹ್ನದವರೆಗೂ ತುಳಿದಳು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಅದನ್ನು ನೋಡಲಾರದೆ ಕಾಟಪ್ಪ ಮುಖ ಮುಚ್ಚಿಕೊಂಡು ಅತ್ತ.

ವಾರ ಬಿಸಿಲು ಕುಡಿದ ಮೇಲೆ ಚಿತ್ರಲಿಂಗಪ್ಪ ಪರೀಕ್ಷೆಗೆ ಬಂದ. ಪದ್ಧತಿಯಂತೆ ಹಾರೆ ಎತ್ತಿದ. ಎತ್ತಿದ ಹಾರೆಯನ್ನು ಹಾಗೇ ಇಳಿಸಿ ಜೀಪಿನೊಳಗೆ ಇಟ್ಟುಬಿಟ್ಟ. ಜೀಪನ್ನು ಮಾತ್ರ ಮೂರು ಸಲ ಅದರ ಮೇಲೆ ಓಡಿಸಿದ. ಗುರುತು ಕೂಡ ಮೂಡಲಿಲ್ಲ. ಇನ್ನು ಮೇಲೆ ಇಲ್ಲೂ ಕುರಿ ಮೇಯಿಸಿ, ಹುಲ್ಲು ಉದ್ದ ಬೆಳೆಯದಂತೆ ನೋಡಿಕೊಳ್ಳಿ ಅಂತ ಹೇಳಿದ. ಎರಡು ದಿನದ ನಂತರ ಹೆಲಿಕಾಪ್ಟರ್ ಬಂತು. ಅದೇ ಪೈಲಟ್. ಅಡ್ಡಗಾಳಿಯೂ ಇತ್ತು. ಅವನು ಮತ್ತೆ ಹುತ್ತಗಳ ಕಡೆಗೆ ಸರಿದ. ಹಿಂದಿನ ಎಡಗಾಲಿ ಸರಿಯಾಗಿ ಆ ಜಾಗದ ಮೇಲೆ ಹಾದು, ಒಂದಿಷ್ಟೂ ಇಳಿಯದೆ, ಉರುಳಿಕೊಂಡು ಹೋಗಿ ನಿಂತಿತು. ಹಳ್ಳದ ದಂಡೆಯಲ್ಲಿ ಜನ ಚಪ್ಪಾಳೆ ತಟ್ಟಿದರು.

ಹೆಲಿಕಾಪ್ಟರ್ ಹೋದ ಮೇಲೆ ಜನರೂ ಚದುರಿದರು. ಅಪ್ಪ ಮಗಳು ಇಬ್ಬರೇ ಉಳಿದರು.

‘ಅಪ್ಪ’ ಅಂದಳು ದುರುಗಕ್ಕ. ‘ಕೆಳಗೆ ಅವನಿಗೆ ಭಾರ ಆಗಿರ್ತೈತಾ?’

ನೆಲದ ವಿಷಯ ಯಾರು ಏನು ಕೇಳಿದರೂ ಹೇಳುತ್ತಿದ್ದ ಕಾಟಪ್ಪ ಬೀಡಿ ತೆಗೆದು, ಹಚ್ಚದೆ ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ, ‘ಇಲ್ಲ ಕಣವ್ವ. ನೀನು ಗಟ್ಟಿ ತುಳಿದಿದೀಯ. ಕೆಳಗೆ ತಿಳಿಯಲ್ಲ’ ಅಂದ. ಅದು ನಿಜವೋ ಸುಳ್ಳೋ ಅವನಿಗೂ ಗೊತ್ತಿರಲಿಲ್ಲ.

ದುರುಗಕ್ಕ ತಲೆಯಾಡಿಸಿ ಕುರಿಗಳನ್ನು ಕೂಗಿ, ಅವತ್ತು ಮೊದಲ ಸಲ ಸೀದಾ ಆ ಜಾಗದ ಮೇಲೆ ಹೊಡೆದಳು. ಮುಂದೆ ನಡೆಯುತ್ತಿದ್ದ ಟಗರು ಅಲ್ಲಿಗೆ ಬಂದು ನಿಂತು, ಅವಳ ಕೋಲು ನೋಡಿ, ಪಕ್ಕಕ್ಕೆ ಸರಿಯಿತು. ಅದರ ಹಿಂದೆ ಇಡೀ ಮಂದೆ ಎರಡಾಗಿ ಸೀಳಿ, ತೊಟ್ಟಿಲಿನಗಲ ಆ ನೆಲವನ್ನು ಬಿಟ್ಟು, ಎರಡು ಮಗ್ಗುಲಿಗೂ ಸುತ್ತಿಕೊಂಡು ಹೋಗಿ ಆಚೆ ಕೂಡಿಕೊಂಡಿತು. ಒಂಬತ್ತು ತಿಂಗಳು ಅವಳೇ ಕಲಿಸಿದ ದಾರಿ. ಅವಳು ಅಡ್ಡ ಓಡಿ, ಕೋಲು ಬೀಸಿ, ‘ಹೋಗ್ರೇ, ಹೋಗ್ರೇ, ಈಗ ಹೋಗಬಹುದು’ ಅಂತ ಗದರಿಸಿ ತಿರುಗಿಸಿದಳು. ಕುರಿಗಳು ಮತ್ತೆ ಸುತ್ತಿಕೊಂಡೇ ಬಂದವು. ಆಗ ಅವಳ ಕೈಯಿಂದ ಕೋಲು ಬಿತ್ತು. ತಾನು ತುಳಿದ ನೆಲದ ಮೇಲೆ ಬೋರಲು ಮಲಗಿ, ಹಟ್ಟಿಗೆಲ್ಲ ಕೇಳುವ ಹಾಗೆ ಅತ್ತಳು. ಕಾಟಪ್ಪ ಮೆಟ್ಟು ಬಿಟ್ಟು ಹತ್ತಿರ ಹೋಗಿ, ಅವಳ ಬೆನ್ನಿನ ಮೇಲೆ ಕೈಯಿಟ್ಟು ಕೂತ.